ಬದನಿಕೆ ಅಂದ್ರೆ ಹಕ್ಕಿನಾ, ಗಿಡನಾ? ಬೆಳಗಾವಿಯಿಂದ ವಿಜಯಪುರಕ್ಕೆ ಐದು ದಿನ

ಫೆಬ್ರವರಿಯಲ್ಲಿ ಮಾಮಾ ಫೋನ್ ಮಾಡಿ "ಈ ಸಲ ತೋಟದಾಗ ಬದನಿಕಿ ಭಾಳ ಆಗ್ಯಾವಪಾ" ಅಂದರು. ನಾನು ಬೆಂಗಳೂರಿನಲ್ಲಿ ಆಫೀಸಿನ ಮೆಟ್ಟಿಲ ಮೇಲೆ ನಿಂತಿದ್ದೆ. ಖುಷಿಯಾಗಿ "ಹೌದಾ ಮಾಮಾ? ಹಂಗಾದ್ರ ನೋಡಾಕ ಬರ್ತೀನಿ, ದುರ್ಬೀನು ತರ್ತೀನಿ" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮಾಮಾ "ದುರ್ಬೀನು ಯಾಕೋ? ಕೊಡ್ಲಿ ತಗೊಂಡು ಬಾ" ಅಂದರು.

ಆಗ ಗೊತ್ತಾಯ್ತು, ನಾವಿಬ್ಬರೂ ಬೇರೆ ಬೇರೆ ಬದನಿಕೆ ಬಗ್ಗೆ ಮಾತಾಡ್ತಾ ಇದ್ದೀವಿ ಅಂತ. ಹಕ್ಕಿ ನೋಡುವವರಿಗೆ ಬದನಿಕೆ ಅಂದರೆ ಹೆಬ್ಬೆರಳಿನಷ್ಟು ದೊಡ್ಡ ಒಂದು ಹಕ್ಕಿ. ತೋಟ ಇರುವವರಿಗೆ ಅದು ಮಾವಿನ ಕೊಂಬೆ ಮೇಲೆ ಹತ್ತಿ ಕೂತು ಮರದ ನೀರು ಹೀರುವ ಗಿಡ, ಬಂದಳಿಕೆ ಅಂತಲೂ ಕರೀತಾರೆ. ಒಂದೇ ಹೆಸರು ಎರಡಕ್ಕೂ ಸುಮ್ನೆ ಬಂದಿಲ್ಲ. ಹೇಗೂ ತಿಂಗಳ ಕೊನೆಗೆ ವಿಜಯಪುರದಲ್ಲಿ ನಮ್ಮ ಸಂಬಂಧಿಕರ ಮದುವೆ ಇತ್ತು. ಐದು ದಿನ ಮೊದಲೇ ಹೊರಟೆ. ಗೊಂದಲ ಆಗದಿರಲಿ ಅಂತ ಇಲ್ಲಿ ಹಕ್ಕಿಗೆ ಬದನಿಕೆ, ಗಿಡಕ್ಕೆ ಬಂದಳಿಕೆ ಅಂತಲೇ ಬರೀತೀನಿ.

ಮೊದಲ ದಿನ, ಬೆಳಗಾವಿ

ರಾತ್ರಿ ರೈಲು ಬೆಳಿಗ್ಗೆ ಇಳಿಸಿತು. ಟಿಳಕವಾಡಿಯಲ್ಲಿ ಚಿಕ್ಕಮ್ಮನ ಮನೆ. ಚಹಾ ಕುಡಿದು, ಬ್ಯಾಗ್ ಕೂಡ ಬಿಚ್ಚದೆ ವ್ಯಾಕ್ಸಿನ್ ಡಿಪೋ ಕಡೆ ನಡೆದೆ. ಊರಿನ ನಡುವೆ ಇಷ್ಟು ಹಳೇ ಮರಗಳು ಉಳಿದಿರುವುದೇ ದೊಡ್ಡದು. ವಾಕಿಂಗ್ ಬಂದವರು ಕೈ ಬೀಸಿಕೊಂಡು ಹೋಗ್ತಾ ಇದ್ದರು, ನಾನು ಕತ್ತು ಮೇಲೆ ಮಾಡಿಕೊಂಡು ಅವರಿಗೆ ಅಡ್ಡ ಬರ್ತಾ ಇದ್ದೆ. ಒಂದೂವರೆ ಗಂಟೆ ಸುತ್ತಿದೆ. ಬದನಿಕೆ ಎಲ್ಲೋ ಕೇಳಿಸ್ತು, ಕಾಣಿಸಲಿಲ್ಲ. ಚಿಕ್ ಚಿಕ್ ಚಿಕ್ ಅಂತ ಚೂಪಾದ ಸದ್ದು, ಎರಡು ಬೆಣಚುಕಲ್ಲು ಬಡಿದ ಹಾಗೆ. ತಲೆ ಎತ್ತುವಷ್ಟರಲ್ಲಿ ಅದು ಇನ್ನೊಂದು ಮರದಲ್ಲಿ.

ಸಿಕ್ಕಿದ್ದು ಎಲ್ಲಿ ಗೊತ್ತಾ? ಚಿಕ್ಕಮ್ಮನ ಮನೆ ಹಿತ್ತಲಲ್ಲಿ, ಗಸಗಸೆ ಹಣ್ಣಿನ ಮರದಲ್ಲಿ. ಮಕ್ಕಳೆಲ್ಲ ಕಿತ್ತು ತಿನ್ನುವ ಆ ಕೆಂಪು ಸಿಹಿ ಹಣ್ಣಿದೆಯಲ್ಲ, ಅದೇ. ಬಟ್ಟೆ ಒಣ ಹಾಕುವ ತಂತಿಯ ಪಕ್ಕದಲ್ಲೇ ಕೂತಿತ್ತು. ಕೊಕ್ಕಿಂದ ಬಾಲದ ತನಕ ಎಂಟು ಸೆಂಟಿಮೀಟರ್. ತೂಕ ಎಂಟು ಗ್ರಾಂ ದಾಟುವುದಿಲ್ಲ, ಅಂದರೆ ಒಂದು ರೂಪಾಯಿಯ ಎರಡು ನಾಣ್ಯದಷ್ಟು. ನಮ್ಮ ದೇಶದ ಅತಿ ಚಿಕ್ಕ ಹಕ್ಕಿಗಳಲ್ಲಿ ಇದೂ ಒಂದು. ಬಣ್ಣದ ಬಗ್ಗೆ ಹೇಳೋಕೆ ಏನೂ ಇಲ್ಲ. ಮೇಲೆ ಮಾಸಿದ ಹಸಿರು ಬೂದು, ಕೆಳಗೆ ಕೊಳೆ ಬಿಳಿ, ಗಂಡು ಹೆಣ್ಣು ಎರಡೂ ಒಂದೇ ಥರ. ತಿಳಿ ಗುಲಾಬಿ ಕೊಕ್ಕು ಮಾತ್ರ ಸ್ವಲ್ಪ ಬಾಗಿದೆ. ಇದರ ಲ್ಯಾಟಿನ್ ಹೆಸರಿಗೆ ಕೆಂಪು ಕೊಕ್ಕಿನದು ಅಂತ ಅರ್ಥ, ಇಂಗ್ಲಿಷ್ ಹೆಸರಿಗೆ ಮಂಕು ಕೊಕ್ಕಿನದು ಅಂತ. 1790ರಲ್ಲಿ ಆ ಲ್ಯಾಟಿನ್ ಹೆಸರಿಟ್ಟ ಇಂಗ್ಲಿಷ್ ಪಕ್ಷಿತಜ್ಞ ಲೇಥಮ್ ಯಾವ ಬೆಳಕಲ್ಲಿ ನೋಡಿದನೋ.

ಚಿಕ್ಕಮ್ಮ "ಇಷ್ಟು ನೋಡಾಕ ಬೆಂಗಳೂರಿಂದ ಬಂದಿಯೇನ?" ಅಂತ ನಕ್ಕು ಕುಂದಾ ತಟ್ಟೆ ಕೈಗಿಟ್ಟರು. ಆದರೆ ನನಗೆ ಒಂದು ವಿಷಯ ಅಲ್ಲೇ ಹೊಳೆದಿತ್ತು. ಆ ಓಣಿಯಲ್ಲಿ ಒಂದು ಎಳೆ ಬಂದಳಿಕೆಯೂ ನನಗೆ ಕಾಣಲಿಲ್ಲ. ಆದರೂ ಹಕ್ಕಿ ಆರಾಮಾಗಿದೆ. ಅದಕ್ಕೆ ಗಸಗಸೆ ಹಣ್ಣು ಸಾಕು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಎರಡನೇ ದಿನ, ಕಿತ್ತೂರಿನ ಹತ್ತಿರ

ಮಾಮಾ ತಮ್ಮ ಹಳೇ ಬೊಲೆರೊದಲ್ಲಿ ಬಂದು ಕರ್ಕೊಂಡು ಹೋದರು. ಬೆಳಗಾವಿಯಿಂದ ಕಿತ್ತೂರಿಗೆ ಐವತ್ತು ಕಿಲೋಮೀಟರ್ ಚಿಲ್ಲರೆ. ಕಿತ್ತೂರು ಕೋಟೆ ನೋಡಬೇಕು ಅಂತ ಪ್ರತಿ ಸಲ ಅಂದುಕೊಳ್ತೀನಿ, ಪ್ರತಿ ಸಲ ಮಾಮಾ "ಮೊದಲ ತ್ವಾಟ" ಅಂತಾರೆ. ಈ ಸಲವೂ ಹಾಗೇ ಆಯ್ತು.

ತೋಟದಲ್ಲಿ ನಲವತ್ತು ಆಪೂಸು ಮರ. ಮಾವು ಕಡ್ಲೆಕಾಳಿನಷ್ಟು ಕಾಯಿ ಕಚ್ಚಿತ್ತು. ದೂರದಿಂದ ನೋಡಿದರೆ ಮರ ಚೆನ್ನಾಗಿ ತುಂಬಿಕೊಂಡ ಹಾಗೆ ಕಾಣುತ್ತೆ, ಹತ್ತಿರ ಹೋದ ಮೇಲೆ ಗೊತ್ತಾಗುತ್ತೆ, ತುಂಬಿರುವುದರಲ್ಲಿ ಅರ್ಧ ಮಾವೇ ಅಲ್ಲ. ಮಾವಿನ ಎಲೆ ಉದ್ದ, ತುದಿ ಚೂಪು. ಬಂದಳಿಕೆ ಎಲೆ ದಪ್ಪ, ತೊಗಲಿನ ಹಾಗೆ ಗಟ್ಟಿ, ಬಣ್ಣ ಸ್ವಲ್ಪ ಬೂದು. ಕೊಂಬೆಗೆ ಅದು ಸೇರುವ ಜಾಗದಲ್ಲಿ ಗಂಟು ಕಟ್ಟಿರುತ್ತೆ, ಮೂಳೆ ಮುರಿದು ಕೂಡಿಕೊಂಡ ಕಡೆ ಊದಿರುತ್ತಲ್ಲ, ಹಾಗೆ. ಆ ಗಂಟಿನಿಂದಾಚೆ ಮಾವಿನ ಕೊಂಬೆ ಸೊರಗಿ ಕಡ್ಡಿಯಾಗಿತ್ತು. ಈಚೆ ಬಂದಳಿಕೆ ಹಸಿರಾಗಿ ಜೋತಾಡ್ತಾ ಇತ್ತು. ಗಂಟು ಮುಟ್ಟಿದರೆ ಎಲ್ಲಿ ಮಾವು ಮುಗೀತು, ಎಲ್ಲಿ ಕಳ್ಳ ಶುರುವಾದ ಅಂತ ಬೆರಳಿಗೆ ತಿಳಿಯುವುದಿಲ್ಲ.

"ಎಲ್ಲಾ ನಿನ್ನ ಹಕ್ಕಿ ಕೆಲಸ" ಅಂದರು ಮಾಮಾ. "ಹೋದ ವರ್ಷ ಕಡಿದು ಒಗೆದೆ. ಮತ್ತ ಬಂದೈತಿ. ಆ ಹಕ್ಕಿನ ಹೊಡದ್ರ ಎಲ್ಲಾ ಸರಿ ಆಗತೈತಿ."

"ಹಕ್ಕಿ ಹೊಡೆದ್ರ ಹುಳ ಯಾರ ತಿಂತಾರ ಮಾಮಾ?"

"ಹುಳಕ್ಕ ಔಷಧ ಐತಿ. ಇದಕ್ಕಿಲ್ಲ."

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಾಗಿ ಮರದ ಕೆಳಗೆ ಒಂದು ಗೋಣಿಚೀಲ ಹಾಸಿಕೊಂಡು ಕೂತೆ.

ಬಂದಳಿಕೆ ಹೂವನ್ನು ಹತ್ತಿರದಿಂದ ನೋಡಿದರೆ ಕಳ್ಳ ಅನ್ನೋಕೆ ಮನಸ್ಸು ಬರಲ್ಲ. ಸಣ್ಣ ಬಾಗಿದ ಕೊಳವೆ, ಕಿತ್ತಳೆ ಕೆಂಪು, ತುದಿಯಲ್ಲಿ ಹಸಿರು. ಗೊಂಚಲು ಗೊಂಚಲಾಗಿ ಕೊಂಬೆಗೇ ಅಂಟಿಕೊಂಡಿರುತ್ತೆ. ಅರಳಿದಾಗ ತುದಿ ಐದು ಸೀಳಾಗಿ ಹಿಂದಕ್ಕೆ ಮಡಚಿಕೊಳ್ಳುತ್ತೆ. ವಾಸನೆ ಇಲ್ಲ. ಇರಬೇಕಾಗಿಲ್ಲ, ಯಾಕಂದ್ರೆ ಹಕ್ಕಿಗಳು ಬರುವುದು ಬಣ್ಣ ನೋಡಿ. ಹನ್ನೊಂದು ಗಂಟೆ ಹೊತ್ತಿಗೆ ಒಂದು ಬದನಿಕೆ ಬಂತು. ನೆಟ್ಟಗೆ ಮೊಗ್ಗಿನ ಹತ್ತಿರ ಹೋಗಿ ತುದಿಯನ್ನು ಕೊಕ್ಕಿನಲ್ಲಿ ಹಿಂಡಿತು. ಮೊಗ್ಗು ಪಟ್ ಅಂತ ಬಿಚ್ಚಿಕೊಂಡಿತು. ಒಳಗಿನ ರಸ ಕುಡಿಯುವಾಗ ಹಣೆ ಮೇಲೆ ಪರಾಗ ಹತ್ತಿತು, ದುರ್ಬೀನಿನಲ್ಲಿ ಹಳದಿ ಧೂಳು ಸ್ಪಷ್ಟ ಕಾಣ್ತಾ ಇತ್ತು. ಪಕ್ಕದ ಗೊಂಚಲಿಗೆ ಸೂರಕ್ಕಿಯೂ ಬಂದಿತ್ತು, ಅದರದ್ದು ಉದ್ದ ಕೊಕ್ಕು, ಸಲೀಸಾಗಿ ಕುಡೀತು. ಪಕ್ಷಿತಜ್ಞ ಸಲೀಂ ಅಲಿ 1931ರಲ್ಲೇ ಕೊಂಕಣದಲ್ಲಿ ಸೂರಕ್ಕಿ, ಬದನಿಕೆಗಳು ಈ ಗಿಡವನ್ನು ಹೇಗೆ ಹರಡುತ್ತವೆ ಅಂತ ಒಂದು ಲೇಖನ ಬರೆದಿದ್ದರು. ಕೊಂಕಣ ಅಂದ್ರೆ ನಮ್ಮ ಘಟ್ಟದ ಆಚೆ ಬದಿ ಅಷ್ಟೇ.

ಮಜಾ ಇರುವುದು ಹಣ್ಣಿನಲ್ಲಿ. ಒಂದು ಹಣ್ಣು ಕಿತ್ತೆ. ಗುಲಾಬಿ ಬಣ್ಣ, ಉದ್ದುದ್ದ ಮಣಿಯ ಹಾಗೆ, ತಲೆ ಮೇಲೆ ಪುಟ್ಟ ಟೋಪಿ. ಹಿಂಡಿದರೆ ಸಿಪ್ಪೆ ಜಾರಿ ಒಳಗಿಂದ ಒಂದೇ ಬೀಜ ಹೊರಗೆ ಬಂತು, ಸುತ್ತ ಅಂಟು. ಅಂಟು ಅಂದ್ರೆ ಹಲಸಿನ ಹಣ್ಣಿನ ಅಂಟು ನೆನಪು ಮಾಡಿಕೊಳ್ಳಿ, ಅದಕ್ಕಿಂತ ಹಟಮಾರಿ. ಹೆಬ್ಬೆರಳಿಂದ ತೋರುಬೆರಳಿಗೆ ಹೋಯ್ತು, ತೋರುಬೆರಳಿಂದ ಇನ್ನೊಂದು ಕೈಗೆ ಬಂತು, ನಡುವೆ ಜೇಡನ ಎಳೆ ಥರ ಒಂದು ದಾರ. ಕೊಡವಿದೆ, ಹೋಗಲಿಲ್ಲ. ಪ್ಯಾಂಟಿಗೆ ಒರೆಸೋಕೆ ಮನಸ್ಸಾಗಲಿಲ್ಲ. ಕೊನೆಗೆ ದುರ್ಬೀನಿನ ಕಪ್ಪು ಮೈಗೆ ಉಜ್ಜಿದೆ. ಅಲ್ಲಿ ಅಂಟಿಕೊಂಡು ಕೂತಿತು.

ಹಕ್ಕಿಗೂ ಇದೇ ಪಾಡು. ಅದು ಹಣ್ಣನ್ನು ಇಡಿಯಾಗಿ ನುಂಗುತ್ತೆ. ಹುಳ ತಿಂದರೆ ಅದು ಅರೆಯುವ ಹೊಟ್ಟೆಗೆ ಹೋಗುತ್ತೆ, ಈ ಹಣ್ಣು ಮಾತ್ರ ಆ ದಾರಿ ತಪ್ಪಿಸಿ ನೇರ ಕರುಳಿಗೆ ಇಳಿಯುತ್ತೆ. ಕೆಲವೇ ನಿಮಿಷದಲ್ಲಿ ಬೀಜ ಹೊರಗೆ, ಅಂಟು ಹಾಗೇ ಇರುತ್ತೆ. ಬಾಲದ ಕೆಳಗೆ ಅದು ಜೋತಾಡುವಾಗ ಹಕ್ಕಿ ಕೊಂಬೆಗೆ ಉದ್ದುದ್ದ ಕೂತು ಹಿಂಭಾಗವನ್ನು ಉಜ್ಜುತ್ತೆ. ನಾನು ನೋಡ್ತಾ ಇದ್ದ ಹಕ್ಕಿಯೂ ಉಜ್ಜಿತು, ಒಂದು ಸಲ ಅತ್ತ, ಒಂದು ಸಲ ಇತ್ತ, ಸಣ್ಣ ಮಗು ಚಾಪೆ ಮೇಲೆ ಸರಿಯುವ ಹಾಗೆ. ಮಾಮಾಗೆ ದುರ್ಬೀನು ಕೊಟ್ಟೆ. ನೋಡಿ "ಹಲ್ಕಟ್! ನಮ್ಮ ಗಿಡಕ್ಕ ಒರಸಾಕತ್ತೈತಿ ನೋಡ" ಅಂದರು. ಆದರೆ ದುರ್ಬೀನು ವಾಪಸ್ ಕೊಡೋಕೆ ಹತ್ತು ನಿಮಿಷ ಬೇಕಾಯ್ತು.

ಊಟಕ್ಕೆ ಕೂತಾಗ ವಾದ ಮತ್ತೆ ಶುರು. ಬಂದಳಿಕೆ ಪೂರ್ತಿ ಕಳ್ಳ ಅಲ್ಲ, ಅರ್ಧ ಕಳ್ಳ ಅಂತ ನಾನು ಹೇಳಿದೆ. ಅದಕ್ಕೆ ಹಸಿರು ಎಲೆ ಇದೆ, ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತೆ. ಮರದಿಂದ ಕದಿಯುವುದು ಮುಖ್ಯವಾಗಿ ನೀರು, ನೀರಲ್ಲಿ ಕರಗಿದ ಉಪ್ಪು. ಆದರೆ ನೀರು ಕುಡಿಯೋದರಲ್ಲಿ ಹಿಡಿತ ಇಲ್ಲ. ಮಾವು ಬಿಸಿಲಿಗೆ ಎಲೆಯ ರಂಧ್ರ ಮುಚ್ಚಿಕೊಂಡು ಜಿಪುಣತನ ಮಾಡುವಾಗಲೂ ಇದು ತೆರೆದುಕೊಂಡೇ ಇರುತ್ತೆ. ನಮ್ಮ ಶ್ರೀಗಂಧವೂ ಅರ್ಧ ಕಳ್ಳನೇ, ಪಕ್ಕದ ಮರದ ಬೇರಿನಿಂದ ಕದಿಯುತ್ತೆ, ಸಸ್ಯಶಾಸ್ತ್ರದಲ್ಲಿ ಎರಡೂ ಒಂದೇ ಗಣದವು. ಇದನ್ನು ಕೇಳಿ ಮಾಮಾ ರೊಟ್ಟಿ ಮುರಿಯೋದು ನಿಲ್ಲಿಸಿದರು. "ಗಂಧಕ್ಕ ರೊಕ್ಕ ಬರತೈತಿ ಅಳಿಯಾ" ಅಂದರು. ಅಲ್ಲಿಗೆ ಮುಗೀತು.

ಸಂಜೆ ಆಳುಗಳು ಕಡಿಯೋಕೆ ಬಂದರು. ಗಿಡವನ್ನಷ್ಟೇ ಕಿತ್ತರೆ ಪ್ರಯೋಜನ ಇಲ್ಲ, ಕೊಂಬೆಯೊಳಗೆ ಉಳಿದದ್ದು ಮತ್ತೆ ಚಿಗುರುತ್ತೆ. ಗಂಟಿನ ಕೆಳಗೆ ಒಂದು ಮೊಳ ಬಿಟ್ಟು ಕೊಂಬೆಯನ್ನೇ ಕತ್ತರಿಸಬೇಕು, ಅದೂ ಹಣ್ಣಾಗುವ ಮುಂಚೆ. ಮಾಮಾ ಹೋದ ವರ್ಷ ಮಾಡಿದ ತಪ್ಪು ಇದೇ, ಕೊಂಬೆ ಉಳಿಸೋ ಆಸೆಗೆ ಗಿಡ ಮಾತ್ರ ಸವರಿದ್ದರು. ಹಕ್ಕಿ ಮೇಲೆ ಹಾಕಿದ್ದ ಅಪವಾದದಲ್ಲಿ ಅರ್ಧ ಹೀಗೆ ಇಳೀತು, ಆದರೆ ಅವರು ಒಪ್ಪಿಕೊಳ್ಳಲಿಲ್ಲ.

ಮೂರನೇ ದಿನ, ಗೋಕಾಕ ದಾಟಿ ಬಾಗಲಕೋಟೆ

ಬೈಲಹೊಂಗಲ, ಯರಗಟ್ಟಿ ಮೇಲೆ ಗೋಕಾಕ. ಜಲಪಾತದಲ್ಲಿ ನೀರು ಹೆಸರಿಗಷ್ಟೇ ಇತ್ತು. 52 ಮೀಟರ್ ಎತ್ತರದ ಬಂಡೆ ಬರೀ ಮೈಯಲ್ಲಿ ನಿಂತಿತ್ತು. ತೂಗುಸೇತುವೆ ಹತ್ತಿರ ಮಂಗಗಳು ಕರದಂಟಿನ ಪೊಟ್ಟಣದ ಮೇಲೆ ಕಣ್ಣಿಟ್ಟಿದ್ದವು. ಒಂದು ಮಂಗ ಅದನ್ನು ಕಿತ್ತುಕೊಂಡೂ ಹೋಯ್ತು. ನಾಲ್ಕು ನೂರು ರೂಪಾಯಿ ಮಾಲು. ಮಾಮಾ "ಬದನಿಕಿ ಅರ್ಧ ಕಳ್ಳ ಆದ್ರ, ಇದು ಪೂರಾ ಕಳ್ಳ ನೋಡು" ಅಂದರು.

ಆಮೇಲೆ ಮುಧೋಳ, ಲೋಕಾಪುರ. ಇಕ್ಕೆಲದಲ್ಲೂ ಕಬ್ಬು, ಎದುರಿಗೆ ಕಬ್ಬಿನ ಟ್ರ್ಯಾಕ್ಟರು, ಒಂದೊಂದಕ್ಕೂ ಎರಡೆರಡು ಟ್ರೇಲರ್. ಕಬ್ಬಿನ ಸೀಮೆಯಲ್ಲಿ ಮರವೇ ಕಡಿಮೆ, ಮರ ಇಲ್ಲದ ಮೇಲೆ ಬಂದಳಿಕೆ ಎಲ್ಲಿಂದ? ಈ ದಿನ ನನ್ನ ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಇದೆ: "ಎರಡೂ ಇಲ್ಲ." ಬಾಗಲಕೋಟೆಯಲ್ಲಿ ಮೊದಲೇ ದುಡ್ಡು ಕಟ್ಟಿದ್ದ ಲಾಡ್ಜಿನಲ್ಲಿ ನಲ್ಲಿ ತಿರುಗಿಸಿದರೆ ಗಾಳಿ ಬಂತು. ಬಕೆಟ್ ನೀರು ತರಿಸಿಕೊಂಡು ಮುಖ ತೊಳೆದು ಮಲಗಿದ್ವಿ.

ನಾಲ್ಕನೇ ದಿನ, ಬಾದಾಮಿ

ಬಾದಾಮಿಗೆ ಒಂದು ಗಂಟೆ ದಾರಿ. ಬಿಸಿಲು ಏರುವ ಮುಂಚೆ ಗುಹೆ ಹತ್ತಿದ್ವಿ. ಮೂರನೇ ಗುಹೆಯಲ್ಲಿ, 578ರ ಶಾಸನ ಇರುವ ಗುಹೆ ಅದು, ಕಂಬಗಳ ಮೇಲ್ಭಾಗದಲ್ಲಿ ಮರದ ಕೆಳಗೆ ನಿಂತ ಜೋಡಿಗಳನ್ನು ಕೆತ್ತಿದ್ದಾರೆ. ಎಲ್ಲರೂ ಜೋಡಿಗಳನ್ನು ನೋಡ್ತಾ ಇದ್ದರೆ ಮಾಮಾ ಮರ ನೋಡ್ತಾ ಇದ್ದರು. "ಇದಕ್ಕ ಬದನಿಕಿ ಹತ್ತಿಲ್ಲ ನೋಡು, ಎಷ್ಟು ಚಲೋ ಐತಿ" ಅಂದರು. ಪಕ್ಕದಲ್ಲಿದ್ದ ಪ್ರವಾಸಿಗಳು ಏನೋ ದೊಡ್ಡ ಇತಿಹಾಸ ಹೇಳ್ತಿದ್ದಾರೆ ಅಂತ ಹತ್ತಿರ ಬಂದು ನಿಂತರು.

ಕೆಳಗೆ ಅಗಸ್ತ್ಯತೀರ್ಥದ ದಂಡೆಯಲ್ಲಿ ಒಂದು ಬೇವಿನ ಮರ, ಅದರಲ್ಲಿ ಬಂದಳಿಕೆ ಒಂದು ಬುಟ್ಟಿಯಷ್ಟು. ಇದಕ್ಕೆ ಇಂಥದ್ದೇ ಮರ ಬೇಕು ಅಂತಿಲ್ಲ. ಮಾವು, ಬೇವು, ಹೊಂಗೆ, ಚಿಕ್ಕು, ಪೇರಲ, ಹೀಗೆ ಮುನ್ನೂರಕ್ಕೂ ಜಾಸ್ತಿ ಜಾತಿಯ ಗಿಡಮರಗಳ ಮೇಲೆ ಬದುಕಬಲ್ಲದು. ಅದೇ ಮರದಲ್ಲಿ ಹಕ್ಕಿಯ ಗೂಡೂ ಕಂಡಿತು. ಒಣಗಿದ ಎಲೆ ಜೋತುಬಿದ್ದಿದೆ ಅಂತಲೇ ಅನ್ನಿಸಬೇಕು, ಹಾಗೆ ಕಟ್ಟಿತ್ತು. ನಾರು, ಜೇಡನ ಬಲೆ ಸೇರಿಸಿ ಹೊಲಿದ ಸಣ್ಣ ಸಂಚಿ, ಬದಿಯಲ್ಲಿ ಬಾಯಿ. ಅಜ್ಜಿಯ ಎಲೆಅಡಿಕೆ ಸಂಚಿ ಇದಕ್ಕಿಂತ ದೊಡ್ಡದು. ಹತ್ತಿರ ಹೋಗಲಿಲ್ಲ, ಹೋಗಬಾರದು ಕೂಡ.

ಅಲ್ಲೇ ಮೆಟ್ಟಿಲ ಮೇಲೆ ಕೂತು ಎರಡನ್ನೂ ತೂಗಿ ನೋಡಿದೆ. ಗಿಡಕ್ಕೆ ಕಾಲಿಲ್ಲ, ರೆಕ್ಕೆ ಇಲ್ಲ, ಬೀಜ ನೆಲಕ್ಕೆ ಬಿದ್ದರೆ ಸತ್ತಿತು. ಮಣ್ಣಿನಲ್ಲಿ ಅದು ಬದುಕಲ್ಲ. ಯಾವುದೋ ಮರದ ಕೊಂಬೆಗೇ ತಲುಪಬೇಕು. ಅದಕ್ಕೆ ಪರಾಗಕ್ಕೂ ಹಕ್ಕಿ ಬೇಕು, ಬೀಜಕ್ಕೂ ಹಕ್ಕಿ ಬೇಕು. ಎರಡೂ ಕೆಲಸಕ್ಕೆ ಅದೇ ಹಕ್ಕಿಯನ್ನು ದುಡಿಸಿಕೊಳ್ಳುತ್ತೆ ನೋಡಿ, ಅಲ್ಲಿದೆ ಜಾಣತನ. ಪ್ರಿಯಾ ದಾವಿದಾರ್ ಅನ್ನುವ ವಿಜ್ಞಾನಿ 1983ರಲ್ಲಿ ಬರೆದ ಒಂದು ಲೇಖನದಲ್ಲಿ, ಬದನಿಕೆ ಜಾತಿಯ ಹಕ್ಕಿಗಳನ್ನೇ ನಂಬಿದ ಕೆಲವು ಬಂದಳಿಕೆಗಳಲ್ಲಿ ಹೂವೂ ಹಣ್ಣೂ ನೋಡೋಕೆ ಒಂದೇ ಥರ ಇರುತ್ತವೆ ಅಂತ ತೋರಿಸಿದ್ದಾರೆ. ಹಣ್ಣಿನ ಆಸೆಗೆ ಬಂದವನು ಹೂವಿನ ಕೆಲಸವನ್ನೂ ಮಾಡಿ ಹೋಗ್ತಾನೆ.

ಹಕ್ಕಿಯ ಲೆಕ್ಕ ಬೇರೆ. ಬಂದಳಿಕೆ ಇದ್ದರೆ ಹಬ್ಬ, ಇಲ್ಲದಿದ್ದರೆ ಗಸಗಸೆ ಹಣ್ಣು, ಜೇಡ, ಸಣ್ಣ ಹುಳ. ಚಿಕ್ಕಮ್ಮನ ಹಿತ್ತಲಿನಲ್ಲಿ ನೋಡಿದ್ದು ಅದೇ ಅಲ್ವಾ? ಎಂಟು ಗ್ರಾಮಿನ ಹಕ್ಕಿ ಎಲ್ಲಿಗಾದರೂ ಹೋಗಿ ಬದುಕಿಕೊಳ್ಳುತ್ತೆ. ಮರವನ್ನೇ ಒಣಗಿಸುವ ಬಂದಳಿಕೆಗೆ ಆ ಎಂಟು ಗ್ರಾಂ ಇಲ್ಲದೆ ಗತಿಯಿಲ್ಲ. ನನ್ನ ಪ್ರಕಾರ ಸಾಲಗಾರ ಗಿಡ, ಹಕ್ಕಿಯಲ್ಲ. ಮಾಮಾಗೆ ಹೇಳಿದೆ. "ಹಂಗಾರ ಸಾಲ ಕೊಟ್ಟಾಂವನ್ನ ಹಿಡೀಬೇಕು" ಅಂದರು.

ಮಧ್ಯಾಹ್ನ ಬನಶಂಕರಿಯಲ್ಲಿ ಬುಟ್ಟಿ ಹೊತ್ತ ಅಕ್ಕನ ಹತ್ತಿರ ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು. ನಾಲ್ಕು ರೊಟ್ಟಿ ತಿಂದೆ. ಅಕ್ಕ "ಇನ್ನೊಂದ ತಗೋರಿ, ಕಟಕ ಅದಾವ" ಅಂದಳು. ಐದು.

ಅವತ್ತು ರಾತ್ರಿ ದುರ್ಬೀನು ಒರೆಸುವಾಗ ನೋಡಿದೆ, ಮೊನ್ನೆ ಉಜ್ಜಿದ ಬೀಜ ಅಲ್ಲೇ ಇದೆ. ಅಂಟು ಒಣಗಿ ವಾರ್ನಿಷ್ ಥರ ಆಗಿತ್ತು. ಒಂದು ತುದಿಯಲ್ಲಿ ಸೂಜಿಮೊನೆಯಷ್ಟು ಹಸಿರು.

ಐದನೇ ದಿನ, ವಿಜಯಪುರ

ಬೆಳಿಗ್ಗೆ ಬೇಗ ಬಿಟ್ಟು ಬೀಳಗಿ ದಾಟಿ, ಕೊಲ್ಹಾರದ ಹತ್ತಿರ ಕೃಷ್ಣೆಯ ಮೇಲಿನ ಉದ್ದ ಸೇತುವೆ. ಕೊಲ್ಹಾರದಲ್ಲಿ ನಿಲ್ಲಿಸದೇ ಹೋಗುವ ಮಾತೇ ಇಲ್ಲ, ಅಲ್ಲಿನ ಗಡಿಗೆ ಮೊಸರು ಚಮಚದಲ್ಲಿ ಅಗೆದು ತಿನ್ನಬೇಕು. ದುರ್ಬೀನನ್ನು ಮಾಮಾಗೆ ತೋರಿಸಿದೆ. ಹಸಿರು ಮೊನೆ ಈಗ ಸ್ವಲ್ಪ ಬಾಗಿ ಪ್ಲಾಸ್ಟಿಕ್ಕಿನ ಕಡೆ ತಿರುಗಿತ್ತು. ಮಣ್ಣಿಲ್ಲ, ನೀರು ಹಾಕಿದವರಿಲ್ಲ, ಆದರೂ ಅಲ್ಲಿ ಕೊಂಬೆ ಇದೆ ಅಂತ ನಂಬಿ ಹುಡುಕ್ತಾ ಇದೆ. ಮಾಮಾ ಕನ್ನಡಕ ಏರಿಸಿ ನೋಡಿದರು. ಬೈತಾರೆ ಅಂದುಕೊಂಡೆ. "ಪಾಪ, ಇದಕ್ಕ ತಿಳಿವಲ್ದು" ಅಂದರು. ಅಷ್ಟೇ.

ಗೋಲಗುಮ್ಮಟವನ್ನು ರಸ್ತೆಯಿಂದಲೇ ನೋಡಿ ಮದುವೆ ಮಂಟಪಕ್ಕೆ ಹೋದ್ವಿ, ಅಕ್ಷತೆಗೆ ತಡ ಆಗಿತ್ತು. ಊಟ ಆದ ಮೇಲೆ ಹಿಂದಿನ ಅಂಗಳದಲ್ಲಿ ಒಂದು ಹೊಂಗೆ ಮರ, ಅದರ ತಗ್ಗಿದ ಕೊಂಬೆಯಲ್ಲಿ ಬಂದಳಿಕೆ, ಗುಲಾಬಿ ಹಣ್ಣು ಬೇರೆ. ಮಾಮಾ ಕಣ್ಣಿಗೆ ನನಗಿಂತ ಮೊದಲು ಬಿತ್ತು. ಅಲ್ಲಿ ಆಡ್ತಿದ್ದ ಹುಡುಗರನ್ನೆಲ್ಲ ಕರೆದು ಪಾಠ ಶುರು ಮಾಡಿದರು, "ಇಲ್ಲಿ ನೋಡ್ರಿ, ಇದಕ್ಕ ಬದನಿಕಿ ಅಂತಾರ, ಒಂದು ಹಕ್ಕಿಗೂ ಬದನಿಕಿ ಅಂತಾರ, ಭಾಳ ಸಣ್ಣದು, ಆ ಹಲ್ಕಟ್ ಹಕ್ಕಿ ಏನ್ ಮಾಡತೈತಿ ಅಂದ್ರ..." ಅಂತ ಒಂದು ಹಣ್ಣು ಕಿತ್ತು ಹಿಂಡಿದರು. ಬೀಜ ಹೆಬ್ಬೆರಳಿಗೆ ಅಂಟಿತು. ಹುಡುಗರು ನಕ್ಕರು. ಮಾಮಾ ಕೈ ಕೊಡವಿದರು. ಇನ್ನೊಂದು ಬೆರಳಿಗೆ ಬಂತು. ಹೊಸ ಧೋತರ, ಅದಕ್ಕೆ ಒರೆಸುವ ಹಾಗಿಲ್ಲ. ಅತ್ತ ಇತ್ತ ನೋಡಿ, ಪಾಠ ಮುಂದುವರಿಸ್ತಾನೇ, ಹೊಂಗೆಯ ಒಂದು ಎಳೆ ಕೊಂಬೆ ಹಿಡಿದು ಹೆಬ್ಬೆರಳನ್ನು ಅದಕ್ಕೆ ಉಜ್ಜಿದರು, ಒಂದು ಸಲ ಅತ್ತ, ಒಂದು ಸಲ ಇತ್ತ.